2 ಜಿಬಿ ಕಾರ್ಡಿನ ಋಣ

ದಾವಣಗೆರೆಯ ಹದಡಿ ರಸ್ತೆಯಲ್ಲಿ ನನ್ನದೊಂದು ಚಿಕ್ಕ ಮೊಬೈಲ್ ಅಂಗಡಿ ಇದೆ. ಈಗ ಕವರ್, ಚಾರ್ಜರ್, ಸ್ಕ್ರೀನ್ ಗಾರ್ಡ್, ಸಣ್ಣಪುಟ್ಟ ರಿಪೇರಿ. 2009ರಲ್ಲಿ ಶುರು ಮಾಡಿದಾಗ ಅಂಗಡಿ ನಡೆದದ್ದು ಇದ್ಯಾವುದರಿಂದಲೂ ಅಲ್ಲ. ಮೆಮೊರಿ ಕಾರ್ಡಿಗೆ ಹಾಡು ಹಾಕಿಕೊಡೋದರಿಂದ. 1 ಜಿಬಿಗೆ 20 ರೂಪಾಯಿ, 2 ಜಿಬಿಗೆ 30. ಅಂಗಡಿ ಬಾಡಿಗೆ, ಕರೆಂಟ್ ಬಿಲ್, ಮನೆಗೆ ಅಕ್ಕಿ ಬೇಳೆ ಎಲ್ಲ ಅದರಲ್ಲೇ ಬಂತು.

ಹಾಸ್ಟೆಲ್ ಹುಡುಗರು ಬಂದು ಒಂದೇ ಹೆಸರು ಹೇಳುತ್ತಿದ್ದರು. 'ಅಣ್ಣ, ಲಿಂಕಿನ್ ಪಾರ್ಕ್ ಪೂರ್ತಿ ಹಾಕ್ಬಿಡಿ.' ನನಗೆ ಅದು ಯಾವುದೋ ಪಾರ್ಕಿನ ಹೆಸರು ಅನ್ನಿಸಿತ್ತು, ಅಮೆರಿಕದ ರಾಕ್ ತಂಡ ಅಂತ ಗೊತ್ತಿರಲಿಲ್ಲ. ನಾನು ಓದಿದ್ದು ಕನ್ನಡ ಮೀಡಿಯಂ, ಅದೂ ಎಸ್ಸೆಸ್ಸೆಲ್ಸಿ ತನಕ. ಒಬ್ಬ ಇಂಜಿನಿಯರಿಂಗ್ ಹುಡುಗ ಪೆನ್‌ಡ್ರೈವ್ ತಂದು ಫೋಲ್ಡರ್ ಕೊಟ್ಟು ಹೋದ. ಮೊದಲ ಸಲ ಕೇಳಿದಾಗ, ಈ ಮನುಷ್ಯ ಯಾಕಿಷ್ಟು ಕಿರುಚ್ತಾನೆ ಅಂದುಕೊಂಡೆ.

ಮುಂದಿನ ವರ್ಷ ಅಪ್ಪ ತೀರಿಕೊಂಡರು. ಹಿರಿಮಗ ನಾನು. ಬಂದವರನ್ನು ಮಾತಾಡಿಸಬೇಕು, ಅಮ್ಮನನ್ನು ನೋಡಿಕೊಳ್ಳಬೇಕು, ಸಾಲದವರಿಗೆ ಉತ್ತರ ಹೇಳಬೇಕು. ಅಳೋಕೆ ಪುರುಸೊತ್ತೇ ಆಗಲಿಲ್ಲ. ಕಾರ್ಯ ಎಲ್ಲ ಮುಗಿಸಿ ಅಂಗಡಿಗೆ ಬಂದ ದಿನ ರಾತ್ರಿ, ಶಟರ್ ಅರ್ಧ ಎಳೆದು, ಲೆಕ್ಕದ ಪುಸ್ತಕ ಮುಂದಿಟ್ಟುಕೊಂಡು ಆ ಫೋಲ್ಡರ್ ಹಾಕಿದೆ. 'ನಂಬ್' ಅನ್ನೋ ಹಾಡು ಬಂತು. ಅವನೇನು ಹೇಳ್ತಿದ್ದಾನೆ ಅಂತ ಅರ್ಧವೂ ತಿಳಿಯಲಿಲ್ಲ. ಆದರೆ ನಾನು ಕಿರುಚಬೇಕಾಗಿದ್ದದ್ದನ್ನ ಅವನು ಕಿರುಚುತ್ತಿದ್ದ. ಪುಸ್ತಕದ ಮೇಲೆ ತಲೆಯಿಟ್ಟು ಅತ್ತೆ. ಅವತ್ತಿನಿಂದ ಆ ತಂಡದ ಹಾಡುಗಾರ ಚೆಸ್ಟರ್ ಬೆನ್ನಿಂಗ್ಟನ್ ನನ್ನವನು.

ನಮ್ಮ ಗುಂಪು ಸೇರಿದ್ದು ಹೀಗೆ, ಒಂದೊಂದೇ ಕಾರ್ಡಿನಿಂದ. ಇಬ್ಬರು ಇಂಜಿನಿಯರಿಂಗ್ ಹುಡುಗರು, ಒಬ್ಬ ಆಟೋ ಓಡಿಸುವವನು, ಪಿಯುಸಿ ಓದುತ್ತಿದ್ದ ಒಬ್ಬಳು ಹುಡುಗಿ, ಮತ್ತೆ ಒಬ್ಬ ಮಂಡಕ್ಕಿ ಭಟ್ಟಿ ಹುಡುಗ. ಭಟ್ಟಿ ಹುಡುಗ ಹಳೇ ಊರಿನ ಕಡೆಯಿಂದ ಸೈಕಲ್ ತುಳಿದು ಬರುತ್ತಿದ್ದ. ರೆಪ್ಪೆಯ ಮೇಲೆಲ್ಲ ಬೂದಿ. ಕಾರ್ಡನ್ನ 10 ರೂಪಾಯಿ ನೋಟಿನಲ್ಲಿ ಮಡಚಿ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಅಷ್ಟು ಬಿಸಿಯಲ್ಲಿ ನಿಂತು, ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಾ ಇಯರ್‌ಫೋನ್‌ನಲ್ಲಿ ಇದನ್ನೇ ಕೇಳೋನು. 'ಇದೇ ಯಾಕೋ ತಮ್ಮಾ?' ಅಂತ ಒಂದು ಸಲ ಕೇಳಿದೆ. 'ಭಟ್ಟಿ ಸದ್ದಲ್ಲಿ ಬೇರೆ ಯಾರ ದನಿನೂ ಕೇಳ್ಸಲ್ಲ ಅಣ್ಣ. ಇವ್ನದು ಮಾತ್ರ ಕೇಳ್ಸುತ್ತೆ' ಅಂದ.

ಚೆಸ್ಟರ್ ಫೀನಿಕ್ಸ್ ಊರಿನವನು, ಹಾಡುಗಾರ ಆಗೋ ಮೊದಲು ಬರ್ಗರ್ ಅಂಗಡಿಯಲ್ಲಿ ದುಡಿದವನು ಅಂತ ಪಿಯುಸಿ ಹುಡುಗಿ ಎಲ್ಲೋ ಓದಿ ಹೇಳಿದಾಗ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವನು ಅವನೇ.

2017ರ ಜುಲೈ 20, ಗುರುವಾರ. ಅಲ್ಲಿ ಇನ್ನೂ ಬೆಳಗ್ಗೆ, ನಮಗೆ ರಾತ್ರಿ. ನಾನು ಮಲಗಿಬಿಟ್ಟಿದ್ದೆ. ಶುಕ್ರವಾರ ಎದ್ದು ಫೋನ್ ನೋಡಿದರೆ ವಾಟ್ಸಾಪ್ ತುಂಬ ಅದೇ. ಕ್ಯಾಲಿಫೋರ್ನಿಯಾದ ಮನೆಯಲ್ಲಿ ಚೆಸ್ಟರ್ ಆತ್ಮಹತ್ಯೆ. 41 ವರ್ಷ. ಆರು ಮಕ್ಕಳು. ಸುಳ್ಳು ಸುದ್ದಿ ಇರಬೇಕು ಅಂತ ಹಲ್ಲುಜ್ಜುತ್ತಲೇ ಹುಡುಕಿದೆ. ಸುಳ್ಳಾಗಿರಲಿಲ್ಲ.

ಅಂಗಡಿ ತೆಗೆಯುವ ಹೊತ್ತಿಗೆ ಭಟ್ಟಿ ಹುಡುಗ ಮೆಟ್ಟಿಲ ಮೇಲೆ ಕೂತಿದ್ದ. 'ಅಣ್ಣ, ಹೋಗ್ಬಿಟ್ನಂತಲ್ಲ, ಹೌದಾ?' ನಾನು ತಲೆಯಾಡಿಸಿದೆ. ಅವನು ಮತ್ತೇನೂ ಕೇಳಲಿಲ್ಲ. ಶಟರ್ ಎತ್ತೋಕೆ ಒಂದು ಕೈ ಕೊಟ್ಟ, ಸೈಕಲ್ ಹತ್ತಿ ಕೆಲಸಕ್ಕೆ ಹೋದ.

ಪಾಸ್‌ಪೋರ್ಟ್ ಫೋಟೋ ತೆಗೆಯೋಕೆ ಅಂತ ಅಂಗಡಿಯಲ್ಲಿ ಪ್ರಿಂಟರ್ ಇಟ್ಟಿದ್ದೆ. ಅದರಲ್ಲಿ ಚೆಸ್ಟರ್ ಫೋಟೋ ತೆಗೆದೆ. ಕೈ ತುಂಬ ಹಚ್ಚೆ, ಕಣ್ಣಿಗೆ ಕನ್ನಡಕ, ಮುಖದಲ್ಲಿ ನಗು. ಗಲ್ಲಾ ಪಕ್ಕ ಅಂಟಿಸಿದೆ. ಎದುರು ಹೂವಿನ ಅಜ್ಜಿ ಒಂದು ಮೊಳ ಸೇವಂತಿಗೆ ಕೊಟ್ಟಳು, ದುಡ್ಡು ಬೇಡ ಅಂದಳು. ಮಧ್ಯಾಹ್ನ ವಯಸ್ಸಾದವರೊಬ್ಬರು ಕರೆನ್ಸಿ ಹಾಕಿಸೋಕೆ ಬಂದು ಆ ಫೋಟೋವನ್ನೇ ನೋಡುತ್ತಾ ನಿಂತರು. 'ಯಾರಪ್ಪಾ ಇವರು? ನಿಮ್ಮ ಕಡೆಯವರಾ?'

'ಹೌದ್ರಿ, ನಮ್ಮ ಕಡೆಯವರೇ' ಅಂದೆ. ಅವರು ಚಪ್ಪಲಿ ಬಿಟ್ಟು ಫೋಟೋಗೆ ಕೈ ಮುಗಿದರು.

ಭಾನುವಾರ ಭೀಮನ ಅಮಾವಾಸ್ಯೆ. ಅಂಗಡಿ ಪೂಜೆ ಮಾಡಿ, ಕಾಯಿ ಒಡೆದು ಬಾಗಿಲು ಹಾಕಿದೆ. ಸಂಜೆ ಎಲ್ಲರೂ ಕುಂದವಾಡ ಕೆರೆ ಏರಿ ಮೇಲೆ ಸೇರಿದೆವು. ಆಟೋದವನು ಸ್ಪೀಕರ್ ತಂದಿದ್ದ. ವಾಕಿಂಗ್ ಬಂದವರಿಗೆ ತೊಂದರೆ ಆಗಬಾರದು ಅಂತ ಸಣ್ಣಗೆ ಇಟ್ಟೆವು. ಸಣ್ಣಗೆ ಕೇಳೋ ಹಾಡುಗಳಲ್ಲ ಅವು. ಆದರೂ ಅವತ್ತು ಹಾಗೇ ಕೇಳಬೇಕು ಅನ್ನಿಸಿತು. ಮೋಡ ಕಟ್ಟಿತ್ತು, ಮಳೆ ಬರಲಿಲ್ಲ.

ಅಲ್ಲಿ ಮಾತು ಬಂದದ್ದು ಒಂದೇ. ಯಾಕೆ? ಅವನ ಗೆಳೆಯ ಕ್ರಿಸ್ ಕಾರ್ನೆಲ್, ಅವನೂ ದೊಡ್ಡ ರಾಕ್ ಹಾಡುಗಾರ, ಎರಡು ತಿಂಗಳ ಹಿಂದೆ ಮೇ 18ರಂದು ಇದೇ ರೀತಿ ಹೋಗಿದ್ದ. ಅವನ ಅಂತ್ಯಕ್ರಿಯೆಯಲ್ಲಿ ಚೆಸ್ಟರ್ ನಿಂತು ಹಾಡಿದ್ದ. ಜುಲೈ 20 ಆ ಗೆಳೆಯನ ಹುಟ್ಟಿದ ದಿನ. ಚಿಕ್ಕವನಿದ್ದಾಗ ತನ್ನ ಮೇಲೆ ಆದ ದೌರ್ಜನ್ಯ, ಆಮೇಲೆ ಹತ್ತಿದ ಡ್ರಗ್ಸ್, ಕುಡಿತ, ಎಲ್ಲವನ್ನೂ ಚೆಸ್ಟರ್ ಮುಚ್ಚಿಡದೆ ಹೇಳಿಕೊಂಡಿದ್ದ. ಇಂಜಿನಿಯರಿಂಗ್ ಹುಡುಗರಲ್ಲಿ ಒಬ್ಬ, ಆಗ ಬ್ಯಾಕ್ ಉಳಿದು ಊರಿಗೂ ಹೋಗದೆ ರೂಮಿನಲ್ಲೇ ಇದ್ದವನು, ಕೆರೆ ಕಡೆ ನೋಡುತ್ತಾ ಹೇಳಿದ: 'ಅಣ್ಣ, ಎರಡನೇ ಸೆಮ್‌ನಲ್ಲಿ ನಾನು ಉಳಿದದ್ದು ಇವನ ಹಾಡಿನಿಂದ. ಅವನಿಗೆ ಯಾರ ಹಾಡು ಇತ್ತು?'

ನಮ್ಮಲ್ಲಿ ಯಾರಿಗೂ ಉತ್ತರ ಬರಲಿಲ್ಲ. ಅವತ್ತು ಅವನನ್ನ ಒಬ್ಬನೇ ರೂಮಿಗೆ ಬಿಡಲಿಲ್ಲ. ನಮ್ಮ ಮನೆಗೆ ಕರಕೊಂಡು ಹೋದೆ. ಅಮ್ಮ ರೊಟ್ಟಿ ಬಡಿದು ಕೊಟ್ಟರು, ಊಟ ಮಾಡಿ ನಡುಮನೆಯಲ್ಲೇ ಮಲಗಿದ. ಈಗ ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದಾನೆ. ಪ್ರತಿ ಜುಲೈ 20ಕ್ಕೆ ಫೋನ್ ಮಾಡುತ್ತಾನೆ. ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಬಂದ ಮೇಲೆ ಅದರ ನಂಬರ್ 14416 ದೊಡ್ಡದಾಗಿ ಪ್ರಿಂಟ್ ತೆಗೆದು ಅಂಗಡಿ ಗಾಜಿಗೆ ಅಂಟಿಸಿದ್ದೇನೆ, ಚೆಸ್ಟರ್ ಫೋಟೋ ಕೆಳಗೆ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಒಬ್ಬಿಬ್ಬರು ಸುಮ್ನೆ ಫೋನ್ ತೆಗೆದು ಆ ನಂಬರ್ ಸೇವ್ ಮಾಡಿಕೊಂಡದ್ದು ನೋಡಿದ್ದೇನೆ. ಯಾಕೆ ಅಂತ ಕೇಳಿಲ್ಲ.

ಋಣದ ವಿಷಯ ಹೇಳಬೇಕು. ಯಾರಾದರೂ ತೀರಿಕೊಂಡರೆ 'ಋಣ ಮುಗೀತು' ಅಂತಾರೆ ಅಲ್ವಾ? ನನ್ನದು ಮುಗಿದಿರಲಿಲ್ಲ. ಎಷ್ಟೋ ಕಾರ್ಡಿಗೆ ಅವನ ಹಾಡು ಹಾಕಿ ದುಡ್ಡು ತಗೊಂಡಿದ್ದೆ. ಅದರಲ್ಲಿ ಅವನಿಗೆ ಒಂದು ಪೈಸೆ ಹೋಗಿಲ್ಲ. ಅದು ತಪ್ಪು ಅಂತ ಆಗ ಹೊಳೆದಿರಲಿಲ್ಲ, ಅವನು ಹೋದ ಮೇಲೆ ರಾತ್ರಿಯೆಲ್ಲ ಅದೇ ಕೊರೆಯಿತು. ಆಗಸ್ಟಿನಲ್ಲಿ ಬಿಡಿಭಾಗ ತರೋಕೆ ಬೆಂಗಳೂರಿಗೆ ಹೋದವನು ಅವರ ಮೊದಲ ಆಲ್ಬಮ್‌ನ ಒರಿಜಿನಲ್ ಸಿಡಿ ಹುಡುಕಿ ಕೊಂಡೆ. 2000ದಲ್ಲಿ ಬಂದ ಆಲ್ಬಮ್ಮಿಗೆ 17 ವರ್ಷ ತಡವಾಗಿ ದುಡ್ಡು ಕೊಟ್ಟೆ. ಅಷ್ಟಕ್ಕೆ ತೀರುವ ಲೆಕ್ಕ ಅಲ್ಲ, ಗೊತ್ತು.

2024ರಲ್ಲಿ ತಂಡ ಮತ್ತೆ ಬಂತು, ಚೆಸ್ಟರ್ ಜಾಗದಲ್ಲಿ ಎಮಿಲಿ ಆರ್ಮ್‌ಸ್ಟ್ರಾಂಗ್ ಹಾಡ್ತಾರೆ. ಚೆನ್ನಾಗಿ ಹಾಡ್ತಾರೆ. ಅವರನ್ನ ಬೈಯುವವರ ಜೊತೆ ನಾನಿಲ್ಲ.

2017ರ ಅಕ್ಟೋಬರ್ 27ರ ರಾತ್ರಿ ಲಾಸ್ ಏಂಜಲೀಸಿನ ಹಾಲಿವುಡ್ ಬೌಲ್‌ನಲ್ಲಿ ಅವನ ನೆನಪಿಗೆ ಕಾರ್ಯಕ್ರಮ ಇಟ್ಟಿದ್ದರು. ನಮಗೆ ಅದು ಶನಿವಾರ ಬೆಳಗ್ಗೆ. ಜಿಯೋ ಬಂದು ವರ್ಷವಾಗಿತ್ತು, ಡೇಟಾ ಚಿಂತೆ ಇರಲಿಲ್ಲ. ಅಂಗಡಿ ಕಂಪ್ಯೂಟರಿನಲ್ಲಿ ಯೂಟ್ಯೂಬ್ ಲೈವ್ ಹಾಕಿ, ಶಟರ್ ಅರ್ಧ ಇಳಿಸಿ ಐದು ಜನ ಕೂತೆವು. ಭಟ್ಟಿ ಹುಡುಗ ಬಿಸಿ ಮಂಡಕ್ಕಿ ತಂದಿದ್ದ. ಯಾರೂ ಮುಟ್ಟಲಿಲ್ಲ.

'ನಂಬ್' ಬಂದಾಗ ವೇದಿಕೆ ಮೇಲೆ ಹಾಡೋಕೆ ಯಾರೂ ಬರಲಿಲ್ಲ. ನಡುವೆ ಒಂದು ಮೈಕ್, ಅದಕ್ಕೆ ಹೂವು, ಅದರ ಮೇಲೊಂದು ಬೆಳಕು. ತಂಡದವರು ಬಾರಿಸುತ್ತಾ ಹೋದರು, ಹಾಡಿದ್ದು ಜನ. ಅಲ್ಲಿ ಸಾವಿರಾರು ಜನ ಹಾಡ್ತಿದ್ದರೆ ಇಲ್ಲಿ ನಾವು ಸುಮ್ಮನೆ ಕೂತಿದ್ದೆವು. ಆಗ ಭಟ್ಟಿ ಹುಡುಗ ಶುರು ಮಾಡಿದ. ಅವನು ಹೇಳ್ತಿದ್ದದ್ದು ಇಂಗ್ಲಿಷ್ ಅಲ್ಲ, ಕನ್ನಡವೂ ಅಲ್ಲ, ಅವರ ಮನೆಯ ಉರ್ದುವೂ ಅಲ್ಲ. ಏಳೆಂಟು ವರ್ಷ ಭಟ್ಟಿ ಮುಂದೆ ನಿಂತು ಕಿವಿಗೆ ಬಿದ್ದದ್ದು ಹೇಗೋ ಹಾಗೆ. ಆದರೆ ಚೆಸ್ಟರ್ ಎಲ್ಲಿ ಉಸಿರು ಎಳೆಯುತ್ತಿದ್ದನೋ ಅಲ್ಲೇ ಎಳೆದ. ಎಲ್ಲಿ ದನಿ ಒಡೆಯುತ್ತಿತ್ತೋ ಅಲ್ಲೇ ಒಡೆಯಿತು. ನಾವೂ ಅವನ ಹಿಂದೆ ಅವನು ಹೇಳಿದ ಹಾಗೇ ಹೇಳುತ್ತಾ ಹೋದೆವು.

ಯಾರೋ ಶಟರ್ ಕೆಳಗಿಂದ ಬಗ್ಗಿ, 'ಕರೆನ್ಸಿ ಹಾಕ್ತೀರಾ?' ಅಂದರು.

ಐದು ನಿಮಿಷ ಬಿಟ್ಟು ಬನ್ನಿ ಅಂದೆ.