ಕಾಫಿ ಆರುವವರೆಗೆ

"ಇಷ್ಟು ಬಿಸಿ ಕಾಫಿ ಕೊಟ್ಟಿದ್ದೀರಾ ಸಾರ್, ಆರೋವರೆಗಾದ್ರೂ ಕೂರಬೇಡ್ವಾ?"

"ಹಂಗಾದ್ರೆ ನಾಳೆಯಿಂದ ಆರಿಸಿಯೇ ಕೊಡ್ತೀನಿ ಬಿಡಪ್ಪ."

ಬುಧವಾರ ಸಂಜೆ ತುಮಕೂರಿನ ಬಿ.ಎಚ್. ರಸ್ತೆಯ ಹತ್ತಿರ ಒಂದು ಸಣ್ಣ ಹೋಟೆಲಿನಲ್ಲಿ ಕೇಳಿದ ಮಾತಿದು. ಮೊದಲನೆಯದು ಕಾಲೇಜು ಹುಡುಗನದ್ದು. ಎರಡನೆಯದು ಗಲ್ಲಾದಲ್ಲಿ ಕೂತಿದ್ದ ಮಾಲೀಕರದ್ದು. ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಬಂದು ಚಪ್ಪಲಿ ಬಿಡುವಾಗಲೂ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಅವರು ಮೂವರಿದ್ದರು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಟೂ ಬೈ ತ್ರೀ ಹೇಳಿದ್ದರು. ಎರಡು ಕಾಫಿ ಮೂರು ಲೋಟಕ್ಕೆ ಹಂಚಿ ಬಂದಿತ್ತು. ಹುಡುಗಿ ರೆಕಾರ್ಡ್ ಬುಕ್ ಬಿಚ್ಚಿಕೊಂಡು ಗೆರೆ ಎಳೆಯುತ್ತಿದ್ದಳು. ಸ್ಕೇಲ್ ಜಾರದಿರಲಿ ಅಂತ ಒಂದು ತುದಿಗೆ ತನ್ನ ಕಾಫಿ ಲೋಟವನ್ನೇ ಇಟ್ಟಿದ್ದಳು. ಹಾಳೆಯ ಮೂಲೆಯಲ್ಲಿ ಕಂದು ಬಣ್ಣದ ಅರ್ಧ ವೃತ್ತ ಮೂಡಿತ್ತು. ಮಾಸ್ತರು ಅದಕ್ಕೆಷ್ಟು ಅಂಕ ಕಳೆಯುತ್ತಾರೋ! ಮಾಲೀಕರು "ಕಾಫಿ ಆಯ್ತಲ್ಲಪ್ಪಾ, ಏಳ್ರಪ್ಪಾ" ಅಂದಾಗ ಅವಳು ತಲೆಯನ್ನೂ ಎತ್ತಲಿಲ್ಲ. ಎದುರಿಗಿದ್ದ ಗುಂಗುರು ಕೂದಲಿನವನೇ ಉತ್ತರ ಕೊಟ್ಟದ್ದು. ಅವನ ಬಾಯಿ ಸ್ವಲ್ಪ ಜಾಸ್ತಿಯೇ. ಆದರೆ ಆ ಉತ್ತರದಲ್ಲಿ ಒರಟುತನ ಇರಲಿಲ್ಲ.

ಮಾಲೀಕರನ್ನೂ ಕೆಟ್ಟವರು ಅನ್ನೋಕ್ಕಾಗಲ್ಲ. ಬಾಡಿಗೆ, ಗ್ಯಾಸ್, ಹಾಲಿನ ರೇಟು ಎಲ್ಲ ಅವರ ತಲೆ ಮೇಲೆ. ಹಂಗೆ ಚುಚ್ಚಿ ಮಾತಾಡೋದು ಅವರಿಗೆ ಖುಷಿ ಅಂತಲೂ ನನ್ನ ಗುಮಾನಿ. ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಆಗ ಹೋಟೆಲಿನಲ್ಲಿ ಜಾಗಕ್ಕೆ ಯಾರೂ ಕಾಯುತ್ತಿರಲಿಲ್ಲ. ಕಿಟಕಿ ಪಕ್ಕದ ಮೇಜಿನಲ್ಲಿ ಹಿರಿಯರೊಬ್ಬರು ಪೇಪರ್ ಹಿಡಿದು ನಾನು ಬರುವ ಮೊದಲಿನಿಂದ ಕೂತಿದ್ದರು. ಅವರ ಲೋಟದ ತಳ ಒಣಗಿ ಕರೆಗಟ್ಟಿತ್ತು. ಅವರನ್ನು ಯಾರೂ ಏಳಿ ಅನ್ನಲಿಲ್ಲ. "ಆರಿಸಿಯೇ ಕೊಡ್ತೀನಿ" ಅಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ.

ಮಾರನೆ ದಿನ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಮಧುಗಿರಿಯವಳು, ಇಲ್ಲೇ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಾಳೆ. "ನಿಮ್ಮ ಗ್ಯಾಂಗಿಗೆ ಈ ಊರಲ್ಲಿ ಇಷ್ಟವಾದ ಜಾಗ ಯಾವುದೇ?" ಅಂದೆ.

"ತಿನ್ನೋ ಜಾಗಾನಾ ಮಾವ, ಕೂರೋ ಜಾಗಾನಾ?"

ಎರಡೂ ಬೇರೆ ಬೇರೆ ಅನ್ನೋದು ಅವಳಿಗೆ ಎಷ್ಟು ಸಲೀಸಾಗಿ ಗೊತ್ತು ನೋಡಿ. ತಿನ್ನೋಕೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಅದರಲ್ಲಿ ಎರಡನೇ ಮಾತಿಲ್ಲ. ತಟ್ಟೆಯಷ್ಟೇ ಅಗಲ, ಮೇಲೆ ಕರಗುತ್ತಿರುವ ಬೆಣ್ಣೆ, ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗೆ. ಆದರೆ ಭಾನುವಾರ ಬೆಳಗ್ಗೆ ಹೋದರೆ ಬೆಂಗಳೂರಿನ ಕಾರುಗಳೆಲ್ಲ ಅಲ್ಲೇ. ನೀವಿನ್ನೂ ಚಟ್ನಿ ಹಚ್ಚುತ್ತಿರುತ್ತೀರಿ, ಅಷ್ಟರಲ್ಲಿ ಕುರ್ಚಿಯ ಬೆನ್ನಿಗೆ ಯಾರೋ ಕೈ ಇಟ್ಟು ನಿಂತಿರುತ್ತಾರೆ. ಸಂಜೆಗೆ ಪಾನಿಪುರಿ ಗಾಡಿ, ಅಲ್ಲಿ ನಿಂತೇ ತಿನ್ನಬೇಕು. ಟೀ ಅಂಗಡಿ ಹುಡುಗರಿಗೆ. "ನಾವು ಹೋದ್ರೆ ಇಡೀ ಅಂಗಡಿ ತಿರುಗಿ ನೋಡುತ್ತೆ" ಅಂದಳು. ಬೇಕರಿಯಲ್ಲಿ ಪಫ್ ತಿನ್ನುವಷ್ಟು ಹೊತ್ತು ಪರವಾಗಿಲ್ಲವಂತೆ.

ಕೂರೋಕೆ? ಅಮಾನಿಕೆರೆ. ಅಲ್ಲೂ ಸಂಜೆ ವಾಕಿಂಗ್ ಬರುವ ಅಂಕಲ್‌ಗಳು ಹುಡುಗ ಹುಡುಗಿ ಒಟ್ಟಿಗೆ ಕೂತರೆ ಇನ್ನೊಂದು ಸುತ್ತು ಜಾಸ್ತಿ ಹಾಕುತ್ತಾರಂತೆ. (ನಾನೂ ಅಲ್ಲೇ ವಾಕ್ ಮಾಡೋದು. ಸುಮ್ನೆ ಹೇಳಿದೆ.) ದೂರ ಹೋಗುವ ಧೈರ್ಯ ಇದ್ದವರಿಗೆ ದೇವರಾಯನದುರ್ಗ. ದಾರಿಯಲ್ಲಿ ನಾಮದ ಚಿಲುಮೆ. ಹಣೆಗೆ ನಾಮ ಇಡೋಕೆ ನೀರಿಲ್ಲದೆ ರಾಮ ಬಾಣ ಬಿಟ್ಟು ಬಂಡೆಯಿಂದ ನೀರು ತೆಗೆದ ಅನ್ನುವ ಕಥೆ ಇರುವ ಜಾಗ. ಬೆಟ್ಟದ ಮೇಲೆ ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅನ್ನಲ್ಲ, ಕೋತಿಗಳನ್ನು ಬಿಟ್ಟರೆ. ಜಯಮಂಗಲಿ ಮತ್ತು ಶಿಂಷಾ ಎರಡೂ ಆ ಬೆಟ್ಟದ ಕಡೆಯೇ ಹುಟ್ಟಿ ಒಂದು ಪೆನ್ನಾರಿಗೆ, ಇನ್ನೊಂದು ಕಾವೇರಿಗೆ ಹೋಗುತ್ತವೆ. ನೀರಿಗೆ ಮನಸ್ಸು ಬಂದ ದಿಕ್ಕಿಗೆ ಹೋಗೋಕೆ ಆಗುತ್ತೆ. ಇವಳು ಮಾತ್ರ ಗೇಟ್ ಹಾಕುವುದರೊಳಗೆ ಹಾಸ್ಟೆಲಿಗೆ ವಾಪಸ್ ಬರಬೇಕು. ಮಂದಾರಗಿರಿಯಾದರೆ ಹತ್ತಿರ. ಜೈನ ಮುನಿಗಳು ಕೈಯಲ್ಲಿ ಹಿಡಿಯುವ ನವಿಲುಗರಿಯ ಪಿಂಛಿಯ ಆಕಾರದ ಗುರುಮಂದಿರದ ಮುಂದೆ ಫೋಟೊ, ಹಿಂದೆ ಮೈದಾಳ ಕೆರೆಯ ಗಾಳಿ. ಅಲ್ಲಿಗೂ ಯಾರಾದರೂ ಸ್ಕೂಟರ್ ಕೊಡಬೇಕು.

ಇಲ್ಲಿ ಇಂಜಿನಿಯರಿಂಗ್ ಕಾಲೇಜು 1963ರಿಂದಲೇ ಇದೆ. ವಿಶ್ವವಿದ್ಯಾಲಯ ಬಂದದ್ದು 2004ರಲ್ಲಿ. ಪಾವಗಡ, ಶಿರಾ, ಗುಬ್ಬಿ, ಕುಣಿಗಲ್ ಅಂತ ಎಲ್ಲ ಕಡೆಯಿಂದ ಮಕ್ಕಳು ಬರುತ್ತಾರೆ. ಇವರನ್ನು ನಂಬಿಕೊಂಡೇ ರೂಮು ಕಟ್ಟಿಸಿದವರಿದ್ದಾರೆ, ಜೆರಾಕ್ಸ್ ಅಂಗಡಿ ಹಾಕಿದವರಿದ್ದಾರೆ, ಮೆಸ್ ನಡೆಸುವವರಿದ್ದಾರೆ. ಆದರೆ ಕ್ಲಾಸ್ ಮುಗಿದು ಊರಿನ ಬಸ್ ಬರುವವರೆಗಿನ ಒಂದೂವರೆ ಗಂಟೆ ಎಲ್ಲಿರಬೇಕು ಅಂತ ಯಾರೂ ಯೋಚಿಸಿದಂತಿಲ್ಲ. ರೂಮಿದ್ದವರು ರೂಮಿಗೆ ಹೋಗುತ್ತಾರೆ. ಬಸ್ಸಿನವರು ಒಂದು ಕಾಫಿ ಹೇಳಿ ಅದನ್ನು ಎಳೆಯುತ್ತಾರೆ. ಅವರು ಕೊಡುವ ದುಡ್ಡು ಕಾಫಿಗಲ್ಲ, ಕುರ್ಚಿಗೆ. ಮಾಲೀಕರಿಗೂ ಇದು ಗೊತ್ತಿಲ್ಲದೇ ಇಲ್ಲ.

ಸಿದ್ಧಗಂಗೆ ಮಠವನ್ನು ಇದಕ್ಕೆ ಹೋಲಿಸುವುದು ಸರಿಯಲ್ಲ, ಆದರೂ ನೆನಪಾಗುತ್ತದೆ. ತಿಂಗಳ ಕೊನೆಗೆ ಜೇಬು ಖಾಲಿಯಾದ ರೂಮಿನ ಹುಡುಗರು ಅಲ್ಲಿಯ ದಾಸೋಹದ ಪಂಕ್ತಿಯಲ್ಲಿ ಕೂತು ಉಂಡು ಬರುವುದು ನಮ್ಮ ಕಾಲದಿಂದಲೂ ಇದೆ. 111 ವರ್ಷ ಬದುಕಿ 2019ರಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮಿಗಳ ಮಠದಲ್ಲಿ ಯಾರ ಮಗ, ಯಾವ ಜಾತಿ ಅಂತ ಕೇಳಿ ಅನ್ನ ಬಡಿಸಿದ್ದನ್ನು ನಾನಂತೂ ನೋಡಿಲ್ಲ. ಹೋಟೆಲು ಮಠ ಆಗಬೇಕಿಲ್ಲ. ಮಧ್ಯಾಹ್ನ ನಾಲ್ಕರಿಂದ ಐದೂವರೆ ಹೇಗೂ ಅರ್ಧ ಮೇಜು ಖಾಲಿ ಇರುತ್ತವೆ. ಆಗ ವಿದ್ಯಾರ್ಥಿಗಳು ಕೂರಬಹುದು ಅಂತ ಒಂದು ಬೋರ್ಡ್ ಹಾಕಿದರೆ ಏನು ಗಂಟು ಹೋಗುತ್ತೆ?

ಇದನ್ನೇ ಅಕ್ಕನ ಮಗಳಿಗೆ ಹೇಳಿದೆ. ಒಳ್ಳೆ ಐಡಿಯಾ ಅಂತಾಳೆ ಅಂದುಕೊಂಡಿದ್ದೆ.

"ಹಾಕ್ಲಿ ಮಾವ. ಮಾರನೇ ದಿನ ಮೊದಲು ಬಂದು ಕೂರೋರು ನಿಮ್ಮ ವಯಸ್ಸಿನವರೇ."