ಭೀಮೆಯ ದಂಡೆಯ ಮೀನುಗಾರರು ಮತ್ತು ಮುಪ್ಪಿನ ಆಸರೆ

ಮೀನುಗಾರರ ಪಿಂಚಣಿ, ವಿಮೆ ಎಂಬ ಮಾತು ಬಂದಾಗಲೆಲ್ಲ ಚರ್ಚೆ ಕರಾವಳಿಯತ್ತ ಹೊರಳುತ್ತದೆ. ಭೀಮೆ, ಕೃಷ್ಣೆಯರ ದಂಡೆಗುಂಟ ಮತ್ತು ನಾರಾಯಣಪುರದ ಬಸವಸಾಗರದ ಹಿನ್ನೀರಿನಲ್ಲಿ ತಲೆಮಾರುಗಳಿಂದ ಬಲೆ ಬೀಸುತ್ತ ಬಂದಿರುವ ನಮ್ಮ ಯಾದಗಿರಿ ಭಾಗದ ಅಂಬಿಗ, ಕಬ್ಬಲಿಗ, ಕೋಲಿ ಕುಟುಂಬಗಳ ಮುಪ್ಪಿನ ಬಗ್ಗೆ ಮಾತನಾಡುವವರು ವಿರಳ. ಸರ್ಕಾರದ ಯೋಜನೆಗಳಲ್ಲಿ ಒಳನಾಡಿನ ಮೀನುಗಾರರಿಗೂ ಜಾಗವಿದೆ. ಆದರೆ ತಾನು ಮೀನುಗಾರನೆಂದು ತೋರಿಸಿಕೊಳ್ಳಲು ಕೇಳುವ ಕಾಗದಪತ್ರಗಳು ನದಿಯ ದುಡಿಮೆಗೆ ಹೊಂದುವುದಿಲ್ಲ ಎಂಬುದೇ ನನ್ನ ತಕರಾರು.

2007ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಸಂಧ್ಯಾ ಸುರಕ್ಷಾ ಯೋಜನೆ ಸಣ್ಣ ರೈತರು, ಕೃಷಿ ಕಾರ್ಮಿಕರು ಮತ್ತು ನೇಕಾರರ ಜೊತೆಗೆ ಮೀನುಗಾರರನ್ನೂ ಹೆಸರಿಸಿದೆ. 65 ವರ್ಷ ತುಂಬಿದ, ಆದಾಯ ಮಿತಿಯೊಳಗಿನ ವೃದ್ಧರಿಗೆ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು ಇಂದಿಗೂ 200 ರೂಪಾಯಿ ಮಾತ್ರ. ಇನ್ನೊಂದೆಡೆ, 2020ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ, ಅಪಘಾತದಲ್ಲಿ ಮೀನುಗಾರ ಸತ್ತರೆ ಅಥವಾ ಶಾಶ್ವತವಾಗಿ ಪೂರ್ಣ ಅಂಗವಿಕಲನಾದರೆ ಐದು ಲಕ್ಷ ರೂಪಾಯಿ ವಿಮೆ ಇದೆ, ಅದರ ಕಂತನ್ನು ಅವನು ಕಟ್ಟಬೇಕಾಗಿಲ್ಲ. ಇದು ಒಳ್ಳೆಯ ಏರ್ಪಾಡು. ಆದರೆ ಮಡುವಿಗೆ ಬೀಳದೆ, ನಲವತ್ತು ವರ್ಷ ಹರಿಗೋಲು ನಡೆಸಿ, ಸೊಂಟ ಮತ್ತು ಮೊಣಕಾಲು ಸವೆದು ದಂಡೆಗೆ ಬಂದು ಕೂತವನಿಗೆ ಆ 1,200 ರೂಪಾಯಿಯೇ ಗತಿ. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಕಟ್ಟಡದ ವೆಚ್ಚದ ಮೇಲಿನ ಸೆಸ್‌ನಿಂದ ನಡೆಯುವ ಕಲ್ಯಾಣ ಮಂಡಳಿಯಿದೆ, ಅಲ್ಲಿಂದ ಪಿಂಚಣಿಯೂ ಬರುತ್ತದೆ. ಕೇರಳ 1985ರಲ್ಲಿಯೇ ಮೀನುಗಾರರ ಕಲ್ಯಾಣ ನಿಧಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿತು. ನಮ್ಮಲ್ಲಿಯೂ ಅಂಥದೊಂದು ನಿಧಿ ಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಕಾಗದದ ತೊಡಕು ಇದಕ್ಕಿಂತ ದೊಡ್ಡದು. ಕೆರೆಗಳ ಮೀನುಗಾರಿಕೆ ಹಕ್ಕು ಗುತ್ತಿಗೆಯ ಮೇಲೆ ಹೋಗುತ್ತದೆ, ಅದನ್ನು ಹಿಡಿದ ಸಹಕಾರ ಸಂಘದ ಸದಸ್ಯನಿಗೆ ಒಂದು ದಾಖಲೆಯಾದರೂ ಇರುತ್ತದೆ. ನದಿಯಲ್ಲಿ ಪರವಾನಗಿ ಒಬ್ಬನ ಹೆಸರಿನಲ್ಲಿದ್ದು, ಬಲೆ ಎಳೆಯುವವರು ಅವನ ಅಣ್ಣ, ಅಳಿಯ, ಓಣಿಯ ಹುಡುಗರಾಗಿರುತ್ತಾರೆ. ಹೆಂಗಸರ ಪಾಡಂತೂ ಹೇಳತೀರದು. ಸಂತೆಯಲ್ಲಿ ಈಳಿಗೆ ಮುಂದಿಟ್ಟುಕೊಂಡು ರೋಹು, ಕಾಟ್ಲಾ ಮೀನಿನ ಹುರುಪೆ ತೆಗೆದು, ತುಂಡು ಮಾಡಿ, ತೂಗಿ ಕೊಡುವ ಹೆಣ್ಣುಮಗಳು ಎಷ್ಟೋ ಸಲ ಯಾವ ಸಂಘದ ಪಟ್ಟಿಯಲ್ಲಿಯೂ ಇರುವುದಿಲ್ಲ. ಗಂಡ ತೀರಿಕೊಂಡ ಮೇಲೆ ಆಕೆಗೆ ವಿಧವಾ ವೇತನ ಸಿಗಬಹುದು. ಆದರೆ ಆಕೆ ಸ್ವತಃ ದುಡಿದ ವರ್ಷಗಳಿಗೆ ಲೆಕ್ಕವಿಲ್ಲ.

ನನ್ನ ಪರಿಚಯದ ಹಿರಿಯರೊಬ್ಬರಿಗೆ ಪಿಂಚಣಿ ಮಂಜೂರಾಗಿದ್ದರೂ ಹಣ ಪಡೆಯುವುದೇ ಕಷ್ಟವಾಗಿತ್ತು. ನೀರು ಮತ್ತು ನೈಲಾನ್ ದಾರದಲ್ಲಿ ತಿಕ್ಕಿ ತಿಕ್ಕಿ ನುಣುಪಾದ ಅವರ ಬೆರಳನ್ನು ಯಂತ್ರ ಗುರುತಿಸುತ್ತಿರಲಿಲ್ಲ. ಅವರು ಬೆರಳನ್ನು ಧೋತರಕ್ಕೆ ಒರೆಸಿ ಮತ್ತೆ ಇಡುತ್ತಿದ್ದರು, ಯಂತ್ರ ಮತ್ತೆ ಕೆಂಪು ದೀಪ ತೋರಿಸುತ್ತಿತ್ತು. “ಹೆಬ್ಬಟ್ಟು ಹತ್ತವಲ್ದ್ರಿ” ಎಂದು ಅವರು ಹೇಳಿದಾಗ ಅದರಲ್ಲಿ ದೂರಿಗಿಂತ ಸಂಕೋಚವೇ ಹೆಚ್ಚಾಗಿತ್ತು. ಸಂಕೋಚಪಡಬೇಕಾದವರು ಅವರಲ್ಲ.

ದುಡಿಮೆ ನಿಲ್ಲುವ ತಿಂಗಳುಗಳ ಲೆಕ್ಕವೂ ನಮ್ಮ ಕಡೆ ಬೇರೆ. ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರಿಕೆಯಿಲ್ಲದ ಮೂರು ತಿಂಗಳಿಗೆ ನೆರವು ನೀಡುವ ಅವಕಾಶವಿದೆ. ಕರಾವಳಿಯಲ್ಲಿ ನಿಷೇಧದ ಅವಧಿ ಗೊತ್ತಾದದ್ದು. ಭೀಮೆಯಲ್ಲಿ ಬೇಸಿಗೆಗೆ ನೀರು ಬತ್ತಿ ಒಮ್ಮೆ, ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟು ಪ್ರವಾಹ ಬಂದಾಗ ಇನ್ನೊಮ್ಮೆ ಕೆಲಸ ನಿಲ್ಲುತ್ತದೆ. 2020ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿ ಜಿಲ್ಲೆಗಳು ಕಂಡ ನೆರೆಯಂಥದು ಬಂದರೆ ಬಲೆ, ಹರಿಗೋಲು ಕೂಡ ಉಳಿಯುವುದಿಲ್ಲ.

ಆದ್ದರಿಂದ ಗ್ರಾಮ ಪಂಚಾಯಿತಿಯೇ ವಾರ್ಡ್ ಸಭೆಯಲ್ಲಿ, ಊರವರ ಎದುರಿನಲ್ಲಿ, ಮೀನು ಹಿಡಿಯುವವರ ಮತ್ತು ಮಾರುವವರ ಪಟ್ಟಿ ಮಾಡಿ, ಹೆಂಗಸರ ಹೆಸರನ್ನು ಪ್ರತ್ಯೇಕವಾಗಿ ಬರೆದು ಇಲಾಖೆಗೆ ಕಳಿಸಬೇಕು. ಆ ಪಟ್ಟಿಯನ್ನೇ ವಿಮೆಗೂ ಪಿಂಚಣಿಗೂ ದಾಖಲೆಯಾಗಿ ಒಪ್ಪಬೇಕು. ಪಿಂಚಣಿ ಅದಾಲತ್ತುಗಳನ್ನು ನದಿ ದಂಡೆಯ ಊರುಗಳಲ್ಲಿಯೇ ನಡೆಸಿ, ಬೆರಳಚ್ಚು ಬಾರದವರಿಗೆ ಅಲ್ಲಿಯೇ ಬೇರೆ ದಾರಿ ಮಾಡಿಕೊಡಬೇಕು. ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ. ಬರುವ ಬೇಸಿಗೆಯಲ್ಲಿ ನೀರಿಳಿದು ಎಲ್ಲರೂ ಊರಿನಲ್ಲಿರುವಾಗ ಆರಂಭಿಸಬಹುದು.