ಹಸಿ ಗಾರೆಯ ಮೇಲಿನ ಸಂತರು

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಹೋದರೆ ಚಾವಣಿ ಮಾತ್ರ ನೋಡಿ ಬರಬೇಡಿ, ಗೋಡೆಯ ಹತ್ತಿರವೂ ನಿಲ್ಲಿ. ಇಟಲಿಯ ಜೆಸ್ವಿಟ್ ಬ್ರದರ್ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಇಲ್ಲಿಗೆ ಬಂದು ಬಿಡಿಸಿದ್ದು: ಚಾವಣಿಯಲ್ಲಿ ಕ್ಯಾನ್ವಾಸ್ ಮೇಲಿನ ತೈಲವರ್ಣ, ಗೋಡೆಯಲ್ಲಿ ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಬಿಡಿಸುವ ಚಿತ್ರ.

ಅಪ್ಪಟ ಫ್ರೆಸ್ಕೊದಲ್ಲಿ ಬಣ್ಣಕ್ಕೆ ಅಂಟು ಬೆರೆಸುವುದಿಲ್ಲ. ಗಾರೆಗೆ ತಿಂಗಳುಗಟ್ಟಲೆ ನೀರಲ್ಲಿ ನೆನೆದ ಸುಣ್ಣ ಒಂದು ಪಾಲು, ತೊಳೆದ ಮರಳು ಸುಮಾರು ಎರಡು ಪಾಲು. ಒರಟು ಪದರದ ಮೇಲೆ ನಯವಾದ ತೆಳು ಗಾರೆ, ಅದೂ ಅಂದು ಚಿತ್ರಿಸಿ ಮುಗಿಸುವಷ್ಟು ಜಾಗಕ್ಕೆ ಮಾತ್ರ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗುವಾಗ ಬಣ್ಣವೂ ಅದರೊಳಗೆ ಬಂಧಿಯಾಗುತ್ತದೆ. ಗಾರೆ ಒಣಗಿದ ಮೇಲೆ ಹಚ್ಚಿದ್ದು ಪುಡಿಯಾಗಿ ಉದುರುತ್ತದೆ. ತಪ್ಪಾದರೆ ಆ ತುಂಡು ಗಾರೆಯನ್ನೇ ಕಿತ್ತು ಮತ್ತೆ ಬಳಿಯಬೇಕು. ಬಣ್ಣದ ಆಯ್ಕೆಯೂ ಅಷ್ಟೇ ಮುಖ್ಯ. ಇಟಲಿಯ ಅಸ್ಸೀಸಿ ಪಟ್ಟಣದ ಬೆಸಿಲಿಕಾದಲ್ಲಿ (ದೊಡ್ಡ ಇಗರ್ಜಿ) 13ನೇ ಶತಮಾನದ ಚಿತ್ರಕಾರ ಚಿಮಾಬುವೆ ಬಳಸಿದ ಸೀಸದ ಬಿಳಿ ಕಪ್ಪಾಗಿ, ಚಿತ್ರಗಳೀಗ ಫೋಟೊ ನೆಗೆಟಿವ್‌ನಂತೆ ಕಾಣುತ್ತವೆ.

ಕರಾವಳಿಯಲ್ಲಿ ದೊಡ್ಡ ಶತ್ರು ತೇವ. ಗೋಡೆಗಿಳಿದ ನೀರು ಒಣಗುವಾಗ ಉಪ್ಪು ಹರಳುಗಟ್ಟಿ ಬಣ್ಣದ ಪದರವನ್ನು ಒಳಗಿಂದಲೇ ಒಡೆಯುತ್ತದೆ. ಹೊಳಪಿಗೆಂದು ವಾರ್ನಿಶ್ ಬಳಿದರೆ ತೇವ ಹೊರಬರಲಾಗದೆ ಹಾನಿ ಹೆಚ್ಚುತ್ತದೆ. ಚಿತ್ರ ಮುಟ್ಟುವ ಮೊದಲು ಹೆಂಚು, ನೀರ್ದೋಣಿ ಸರಿಪಡಿಸಬೇಕು. ಹಳೆಯ ಇಗರ್ಜಿಗಳ ಸುಣ್ಣದ ಗೋಡೆಗೆ ಸಿಮೆಂಟ್ ಮೆತ್ತಿ ಎಮಲ್ಶನ್ ಹೊಡೆಯುವುದನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. ದಯವಿಟ್ಟು ಮೊದಲು ಸಂರಕ್ಷಣಾ ತಜ್ಞರನ್ನು ಕರೆಸಿ.